ಒಂದು ಟಿಕ್ ಮಾರ್ಕಿಗೆ ಆರು ಕಂತು

ಭಾನುವಾರ ಬೆಳಿಗ್ಗೆ ನಾನು ಹಾರ್ಮೋನಿಯಂ ಒತ್ತುವುದು, ನನ್ನಾಕೆ ಭಾವಗೀತೆ ಹಾಡುವುದು ನಮ್ಮ ಮನೆಯ ಹಳೆಯ ರೂಢಿ. ಕಳೆದ ವರ್ಷ ಒಂದು ಭಾನುವಾರ, ರೆಕಾರ್ಡ್ ಮಾಡಿಟ್ಟರೆ ಮಕ್ಕಳಿಗೆ ಕಳಿಸಬಹುದಲ್ಲ ಎಂದು ಲ್ಯಾಪ್‌ಟಾಪನ್ನು ದಿವಾನದ ಮೇಲೆ ತೆರೆದಿಟ್ಟೆ. ಪರದೆಯ ನೆತ್ತಿಯಲ್ಲಿ, ಕ್ಯಾಮೆರಾ ಅಕ್ಕಪಕ್ಕ, ಸೂಜಿ ಚುಚ್ಚಿದಂಥ ಎರಡು ತೂತು. ಅದೇ ಮೈಕು.

ಹಾಕಿ ಕೇಳಿದರೆ ಎಲೆಕ್ಟ್ರಾನಿಕ್ ತಂಬೂರಿಯ ಶ್ರುತಿ ಮೊದಲ ಎರಡು ಮೂರು ಸೆಕೆಂಡು ಇದೆ, ಆಮೇಲೆ ಮಾಯ. ಅವಳು ಸ್ವರ ಎಳೆದು ನಿಲ್ಲಿಸಿದ ಕಡೆಯೆಲ್ಲ ದನಿ ನೀರಿನಲ್ಲಿ ಮುಳುಗಿ ಮೇಲೆದ್ದ ಹಾಗಿದೆ.

“ರೀ, ಇದು ನಾನೇನಾ?” ಅಂದಳು.

ಲ್ಯಾಪ್‌ಟಾಪಿನ ಮೈಕು ಅಂದರೆ ಇಷ್ಟೇ ಎಂದು ಅಲ್ಲೇ ತೀರ್ಪು ಕೊಟ್ಟುಬಿಟ್ಟೆ. ಆ ರಾತ್ರಿಯೇ ಆನ್‌ಲೈನಿನಲ್ಲಿ ಕಂಡೆನ್ಸರ್ ಮೈಕು, ಆಡಿಯೊ ಇಂಟರ್‌ಫೇಸ್, ಸ್ಟ್ಯಾಂಡು, ಹೆಡ್‌ಫೋನು ಎಲ್ಲ ಸೇರಿದ ಕಿಟ್ ಆರ್ಡರ್ ಆಯಿತು. ಬೆಲೆ 24,000. ನನ್ನ ಕಣ್ಣಿಗೆ ಬಿದ್ದದ್ದು ಮಾತ್ರ ಅದರ ಕೆಳಗಿದ್ದ ‘ತಿಂಗಳಿಗೆ 4,000, ನೋ ಕಾಸ್ಟ್ ಇಎಂಐ’. ಉಳಿತಾಯ ಖಾತೆಯಲ್ಲಿ ಅರವತ್ತು ಸಾವಿರ ಸುಮ್ಮನೆ ಬಿದ್ದಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಮುಂದಿನ ವಾರ ಒಂದು ಕೇಬಲ್ ತರಲು ಊರೊಳಗಿನ ವಾದ್ಯದ ಅಂಗಡಿಗೆ ಹೋದರೆ ಅದೇ ಕಿಟ್ ಶೋಕೇಸಿನಲ್ಲಿತ್ತು. “ಕ್ಯಾಶ್ ಕೊಟ್ರೆ ಇಪ್ಪತ್ತೆರಡೂವರೆ ಸಾರ್” ಅಂದರು.

ಈಗ ಲೆಕ್ಕ. ಬೇಸರವಾದರೂ ಪೂರ್ತಿ ಓದಿ, ನಾನು ಇದನ್ನು ಮಾಡಿದ್ದು ದುಡ್ಡು ಹೋದ ಮೇಲೆ.

ಬ್ಯಾಂಕು ಹಾಕಿದ ಬಡ್ಡಿ ವರ್ಷಕ್ಕೆ ಶೇ 16. 4,000ದ ಆರು ಕಂತಿನಲ್ಲಿ ಅಸಲು 22,919, ಬಡ್ಡಿ 1,081. ಆ ಬಡ್ಡಿಯಷ್ಟನ್ನು ಮಾರುವವರು ರಿಯಾಯಿತಿಯೆಂದು ಮೊದಲೇ ಕಳೆದಿರುತ್ತಾರೆ. ಅದಕ್ಕೇ ‘ನೋ ಕಾಸ್ಟ್’. ಆದರೆ ಕ್ರೆಡಿಟ್ ಕಾರ್ಡಿನ ಕಂತಿನ ಬಡ್ಡಿಗೆ ಶೇ 18 ಜಿಎಸ್‌ಟಿ ಉಂಟು. 195 ರೂಪಾಯಿ ನನ್ನ ತಲೆಗೆ. ಪ್ರೊಸೆಸಿಂಗ್ ಶುಲ್ಕ 199, ಅದರ ಜಿಎಸ್‌ಟಿ ಸೇರಿ 235. ಒಟ್ಟು ಕೈಬಿಟ್ಟು ಹೋದದ್ದು 24,430. ಅಂಗಡಿಯ ನಗದು ಬೆಲೆಗೆ ಹೋಲಿಸಿದರೆ 1,930 ಹೆಚ್ಚು.

22,500ಕ್ಕೆ 1,930 ತಾನೇ, ಶೇ 8.6 ಅಂತ ಸಮಾಧಾನ ಮಾಡಿಕೊಳ್ಳಬೇಡಿ. ಸಾಲ ಕರಗುತ್ತ ಬರುತ್ತದೆ. ಮೊದಲ ತಿಂಗಳು ನನ್ನ ಮೇಲಿದ್ದದ್ದು 22,500, ಆಮೇಲೆ 18,750, 15,000, 11,250, 7,500, ಕೊನೆಗೆ 3,750. ಕೂಡಿಸಿ ಆರರಿಂದ ಭಾಗಿಸಿದರೆ 13,125. ಸರಾಸರಿ ಅಷ್ಟು ಸಾಲವನ್ನು ಬರೀ ಅರ್ಧ ವರ್ಷ ಇಟ್ಟುಕೊಂಡದ್ದಕ್ಕೆ 1,930 ತೆತ್ತೆ. ವರ್ಷದ ದರದಲ್ಲಿ ಶೇ 29ರ ಮೇಲಾಯಿತು. ಬ್ಯಾಂಕಿನಲ್ಲಿ ಬಳೆ ಅಡವಿಟ್ಟಿದ್ದರೂ ಇದರ ಅರ್ಧಕ್ಕಿಂತ ಕಡಿಮೆಗೆ ಸಾಲ ಹುಟ್ಟುತ್ತಿತ್ತು.

ಶೂನ್ಯ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿತ್ತು. ಬೋರ್ಡು ಬದಲಾಯಿತು, ಅಂಗಡಿ ಅದೇ. ಇದನ್ನು ಸೌಲಭ್ಯ ಎಂದು ಕರೆಯುವವರ ಜೊತೆ ವಾದ ಮಾಡುವ ತಾಳ್ಮೆ ನನಗೆ ಉಳಿದಿಲ್ಲ.

ಕಿಟ್ ಏನು ಮಾಡಿತು? ಶ್ರುತಿ ಬಂತು, ನಿಜ. ಜೊತೆಗೆ ಊರೂ ಬಂತು. 48 ವೋಲ್ಟ್ ಕೊಟ್ಟರೆ ಎಚ್ಚರಾಗುವ ಆ ಮೈಕಿಗೆ ಪಕ್ಕದ ಮನೆಯ ಮಿಕ್ಸಿ, ಹಿಂದಿನ ಬೀದಿಯ ಕುಕ್ಕರಿನ ಕೂಗು, ಕಸದ ಗಾಡಿಯ ಹಾಡು ಎಲ್ಲವೂ ಪಕ್ಕವಾದ್ಯ. ನಮ್ಮ ಹಾಲಿನ ನೆಲಕ್ಕೆ ಟೈಲ್ಸು, ಗೋಡೆ ಬೋಳು. ದನಿ ಬಾವಿಯಲ್ಲಿ ಕೂಗಿದಂತೆ ಮೊಳಗಿತು. ಗೋಡೆಗೆ ಅಂಟಿಸುವ ಫೋಮ್ ಹಾಳೆ ತಗೊಳ್ಳಿ ಎಂದರು ಕೆಲವರು. ಒಂದಿಂಚಿನ ಫೋಮು ಕೋಣೆಯ ಪ್ರತಿಧ್ವನಿಯನ್ನು ಒಂದಿಷ್ಟು ತಗ್ಗಿಸೀತೇ ಹೊರತು ಹೊರಗಿನ ಸದ್ದನ್ನು ತಡೆಯದು. ಪುಣ್ಯಕ್ಕೆ ಅದನ್ನು ಕೊಳ್ಳಲಿಲ್ಲ. ಕಿಟ್ ಅಟ್ಟ ಸೇರಿತು.

ಎರಡು ಕಂತು ಬಾಕಿಯಿದ್ದಾಗ ಮಾರಾಟಕ್ಕಿಟ್ಟೆ. ನೋಡಲು ಬಂದ ಎಂಜಿನಿಯರಿಂಗ್ ಹುಡುಗ ಪರೀಕ್ಷೆಗೆಂದು ನನ್ನ ಲ್ಯಾಪ್‌ಟಾಪಿನ ಸೌಂಡ್ ಸೆಟ್ಟಿಂಗ್ ತೆರೆದವನು ಒಂದು ಕ್ಷಣ ಸುಮ್ಮನಾದ. “ಸಾರ್, ನಾಯ್ಸ್ ಸಪ್ರೆಷನ್ ಆನ್ ಇದೆಯಲ್ಲ?”

ಮೀಟಿಂಗಿನಲ್ಲಿ ಫ್ಯಾನಿನ ಸದ್ದು ಕೇಳದಿರಲಿ ಎಂದು ಇರುವ ಏರ್ಪಾಡು ಅದು. ಒಂದೇ ಸಮ ಬರುವ ದನಿಯನ್ನು ಗದ್ದಲವೆಂದು ಬಗೆದು ಅಳಿಸುತ್ತದೆ. ತಂಬೂರಿ ಮಾಡುವ ಕೆಲಸವೇ ಒಂದೇ ಸಮ ನುಡಿಯುವುದು! ಎಳೆದ ಸ್ವರಕ್ಕೂ ಅದೇ ಗತಿ. ಅವನು ಟಿಕ್ ಮಾರ್ಕು ತೆಗೆದ. ಶ್ರುತಿ ವಾಪಸು ಬಂತು.

ಈಗ ನಾವು ಹಾಡುವುದು ಮಲಗುವ ಕೋಣೆಯಲ್ಲಿ. ಪ್ರತಿಧ್ವನಿ ಹೀರಲೆಂದು ಹಾಸಿಗೆ ಹಾಸಿಯೇ ಇರುತ್ತದೆ, ಸೀರೆಯ ಬೀರುವಿನ ಬಾಗಿಲು ತೆರೆದಿರುತ್ತದೆ, ಸೀಲಿಂಗ್ ಫ್ಯಾನು ಬಂದ್. ಲ್ಯಾಪ್‌ಟಾಪು ಅವಳಿಂದ ಒಂದು ಮೊಳ ದೂರ. ಅದರೊಳಗಿನ ಫ್ಯಾನು ಏಳದಿರಲೆಂದು ಬೇರೆಲ್ಲ ಪ್ರೋಗ್ರಾಂ ಮುಚ್ಚುತ್ತೇನೆ. ಹಾರ್ಮೋನಿಯಂ ಎರಡು ಹೆಜ್ಜೆ ಹಿಂದೆ. ಪುಕ್ಕಟೆ ಸಿಗುವ ಆಡಾಸಿಟಿ ಪ್ರೋಗ್ರಾಂನಲ್ಲಿ ದನಿಯ ಮಟ್ಟ ತೋರಿಸುವ ಗೆರೆ ಮೈನಸ್ 12 ಡೆಸಿಬೆಲ್ ದಾಟದಂತೆ ನೋಡಿಕೊಂಡರೆ ಆಯಿತು. ಸ್ಟುಡಿಯೊ ಅನ್ನಿಸುವುದಿಲ್ಲ, ಆದರೆ ಅವಳ ದನಿ ಅವಳದೇ. ಒಳ್ಳೆಯ ಮೈಕಿಲ್ಲದೆಯೂ ಹಾಡು ಉಳಿಯುತ್ತದೆ: ಗಾಯಕಿ ಗೌಹರ್ ಜಾನ್ 1902ರಲ್ಲಿ ಕೋಲ್ಕತ್ತದಲ್ಲಿ ಹಾಡಿದ್ದು ತಗಡಿನ ಕಹಳೆಗೆ. ರೆಕಾರ್ಡಿಂಗಿಗೆ ವಿದ್ಯುತ್ ಮೈಕು ಬಂದದ್ದೇ 1925ರ ಹೊತ್ತಿಗೆ. ಆಕೆಯ ಗ್ರಾಮಫೋನ್ ತಟ್ಟೆಗಳನ್ನು ಜನ ಇವತ್ತಿಗೂ ಹುಡುಕಿ ಕೇಳುತ್ತಾರೆ.

ಕಂತಿನ ಮೊತ್ತ ನೋಡಿ ವಸ್ತು ಕೊಳ್ಳುವ ಚಟ ನನ್ನೊಬ್ಬನದಲ್ಲ. ನಮ್ಮಪ್ಪ ರೇಡಿಯೊ ರಿಪೇರಿಯವನ ಬಳಿ ಮೂರು ಸಲ ಹೋಗಿ ಬಂದ ಮೇಲೆ ಹೊಸದರ ಮಾತೆತ್ತುತ್ತಿದ್ದರು. ನಾವು ಕೆಟ್ಟಿದ್ದೇನು ಎಂದು ಕೇಳುವ ಮೊದಲೇ ಕಾರ್ಡು ತೆಗೆಯುತ್ತೇವೆ. ನಿಮ್ಮ ಕಾರ್ಡಿನ ಸ್ಟೇಟ್‌ಮೆಂಟಿನಲ್ಲೂ ಇಂಥದೊಂದು ಕಂತು ಓಡುತ್ತಿದ್ದರೆ ಅದರ ಕೆಳಗಿನ ಜಿಎಸ್‌ಟಿ ಸಾಲನ್ನು ಇವತ್ತು ರಾತ್ರಿ ಒಮ್ಮೆ ನೋಡಿ.

ಹುಡುಗ 11,000 ಕೊಟ್ಟು ಕಿಟ್ ಒಯ್ದ. ನನಗೆ ನಷ್ಟ 13,430. ಕೊನೆಯ ಕಂತು ಕಟ್ಟಿದ್ದು ಅದಾಗಿ ಆರು ವಾರಕ್ಕೆ.