ಹೊಸ ಅಂಗಡಿ, ಮನೆಯವರ ಹಣ

ಗಲ್ಫಿನಿಂದ ಮರಳಿದವರು ಊರಿನಲ್ಲಿ ಅಂಗಡಿ ತೆರೆಯುವುದು ನಮ್ಮ ಕರಾವಳಿಯಲ್ಲಿ ಹೊಸ ಸಂಗತಿಯೇನಲ್ಲ. ಬಟ್ಟೆಯಂಗಡಿಯಿರಲಿ, ದಿನಸಿ ಅಂಗಡಿಯಿರಲಿ, ಬಂಡವಾಳ ಕೂಡಿಬರುವ ರೀತಿ ಹೆಚ್ಚು ಕಡಿಮೆ ಒಂದೇ. ಕೈಯಲ್ಲಿದ್ದ ಉಳಿತಾಯ ಸ್ವಲ್ಪ, ಹೆಂಡತಿಯ ಅಣ್ಣ ಕೊಟ್ಟದ್ದು ಸ್ವಲ್ಪ, ಆಕೆಯ ಬಳೆ-ಸರ ಮಾರಿ ಬಂದದ್ದು ಸ್ವಲ್ಪ. ದುಆ ಮಾಡಿಸಿ, ಸಿಹಿ ಹಂಚಿ ಬಾಗಿಲು ತೆರೆಯುತ್ತಾರೆ. ಆದರೆ ಯಾರ ಹಣ ಎಷ್ಟು, ಅದು ಸಾಲವೋ ಪಾಲೋ ಉಡುಗೊರೆಯೋ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಸಂಬಂಧಕ್ಕೆ ಕುಂದು ಬರುತ್ತದೆಂಬ ಅಳುಕು.

ಮೊದಲ ಎರಡು ಮೂರು ವರ್ಷ ಅಂಗಡಿಯ ಹಣ ಒಂದೆಡೆ ಕಣ್ಣಿಗೆ ಕಾಣುವುದಿಲ್ಲ. ಅದು ಕಪಾಟಿನ ಸರಕಾಗಿ, ಕಟ್ಟಡದ ಮುಂಗಡವಾಗಿ, ಗಿರಾಕಿಗಳ ಉದ್ರಿಯಾಗಿ ಚದುರಿರುತ್ತದೆ. ಸಂಜೆ ಗಲ್ಲಾಪೆಟ್ಟಿಗೆ ತುಂಬಿದಂತೆ ಕಂಡರೂ ಅದರ ಬಹುಪಾಲು ಸಗಟು ವ್ಯಾಪಾರಿಗೆ ಸಲ್ಲಬೇಕಾದದ್ದು. ಇದನ್ನು ಗಮನಿಸದೆ ಅದರಿಂದಲೇ ಮನೆಯ ಮೀನು, ಮಕ್ಕಳ ಫೀಸು, ನೆಂಟರ ಮದುವೆಯ ಉಡುಗೊರೆ ಎಲ್ಲವೂ ನಡೆಯುತ್ತದೆ. "ಅಂಗಡಿ ತುಂಬ ಜನ, ನನ್ನ ಪಾಲೆಲ್ಲಿ?" ಎಂದು ಅತ್ತ ಭಾವ ಕೇಳುತ್ತಾನೆ. "ಬೆಳಗಿನಿಂದ ರಾತ್ರಿಯವರೆಗೆ ನಾನು ನಿಂತಿದ್ದಕ್ಕೆ ಬೆಲೆಯಿಲ್ಲವೇ?" ಎಂದು ಇತ್ತ ಅಂಗಡಿಯವನು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬರಹವಿಲ್ಲದ ಕಾರಣ ಇಬ್ಬರ ನೆನಪೂ ತಮ್ಮ ತಮ್ಮ ಕಡೆಗೆ ವಾಲಿರುತ್ತದೆ, ಅಷ್ಟೇ. ಕೊನೆಗೆ ಇವರಿಬ್ಬರ ನಡುವೆ ಸಿಕ್ಕಿಬಿದ್ದ ಹೆಣ್ಣುಮಗಳು ಈದ್‌ಗೆ ತವರಿಗೆ ಹೋಗಲಾರದಂತಾಗುತ್ತದೆ.

ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಯಾವುದರ ಕುರಿತಾಗಿದೆ ಎಂದು ಕೇಳಿದರೆ ನಮ್ಮಲ್ಲಿ ಅನೇಕರು ನಮಾಝ್ ಅಥವಾ ಹಜ್ಜ್ ಎಂದಾರು. ಅದು ಸಾಲದ ವ್ಯವಹಾರವನ್ನು ಬರೆದಿಡುವ ಕುರಿತಾಗಿದೆ. ಅಲ್‌ಬಕರ ಅಧ್ಯಾಯದ 282ನೆಯ ಸೂಕ್ತ. ಅವಧಿ ಗೊತ್ತುಪಡಿಸಿದ ಸಾಲವನ್ನು ಬರೆಯಬೇಕು, ಸಾಲ ಪಡೆದವನೇ ಹೇಳಿ ಬರೆಯಿಸಬೇಕು, ಸಾಕ್ಷಿಗಳಿರಬೇಕು, ಮೊತ್ತ ಸಣ್ಣದೆಂದು ಬೇಸರಿಸಬಾರದು ಎಂದೆಲ್ಲ ಅಲ್ಲಿ ವಿವರಿಸಲಾಗಿದೆ. ಕೈಯಿಂದ ಕೈಗೆ ನಡೆಯುವ ನಗದು ವ್ಯಾಪಾರವನ್ನು ಬರೆಯದಿದ್ದರೆ ದೋಷವಿಲ್ಲವೆಂಬ ರಿಯಾಯಿತಿಯೂ ಅದರಲ್ಲಿದೆ. ಸಂಬಂಧಿಕರ ನಡುವೆ ಮಾತ್ರ ಬರೆಯಬೇಡಿ ಎಂಬ ರಿಯಾಯಿತಿ ಎಲ್ಲೂ ಇಲ್ಲ! ಅದನ್ನು ಸೇರಿಸಿಕೊಂಡವರು ನಾವು.

ಹಿಜ್‌ರಾದ ಬಳಿಕ ಮದೀನಕ್ಕೆ ಬರಿಗೈಯಲ್ಲಿ ಬಂದ ಹ. ಅಬ್ದುರ್ರಹ್ಮಾನ್ ಬಿನ್ ಔಫ್(ರ)ರಿಗೆ ಪ್ರವಾದಿವರ್ಯರು(ಸ) ಹ. ಸಅದ್ ಬಿನ್ ರಬೀಅ್(ರ)ರನ್ನು ಸಹೋದರನನ್ನಾಗಿ ಮಾಡಿಕೊಟ್ಟಿದ್ದರು. ಸಅದ್(ರ) ತನ್ನ ಸಂಪತ್ತಿನ ಅರ್ಧವನ್ನೇ ಮುಂದಿಟ್ಟರು. ಅಬ್ದುರ್ರಹ್ಮಾನ್(ರ) ಅವರಿಗಾಗಿ ಪ್ರಾರ್ಥಿಸಿ, ಮಾರುಕಟ್ಟೆಯ ದಾರಿ ಕೇಳಿದರು. ಬನೂ ಕೈನುಕಾಅ್ ಮಾರುಕಟ್ಟೆಗೆ ಹೋಗಿ ತುಪ್ಪ ಮತ್ತು ಒಣಗಿಸಿದ ಗಿಣ್ಣದ ವ್ಯಾಪಾರಕ್ಕಿಳಿದರು. ದಿನವೂ ಖರ್ಚಾಗುವ ಸರಕು ಅದು. ಹೊಸ ವ್ಯಾಪಾರಿ ಗಮನಿಸತಕ್ಕ ಮಾತಿದು. ಸ್ವಲ್ಪ ಕಾಲದಲ್ಲೇ ಖರ್ಜೂರದ ಬೀಜದಷ್ಟು ತೂಕದ ಚಿನ್ನವನ್ನು ಮಹ್ರ್ ಆಗಿ ಕೊಟ್ಟು ವಿವಾಹವಾದರು. ಸಹೋದರನ ಹಣವನ್ನು ಒಲ್ಲೆನೆಂದದ್ದರಿಂದ ಅವರ ಸಹೋದರತೆಗೆ ಯಾವ ಕುಂದೂ ಬರಲಿಲ್ಲ.

ಎಲ್ಲರಿಗೂ ಹಾಗೆ ಸಾಧ್ಯವಿಲ್ಲ, ಇತರರ ಹಣ ಬೇಕಾಗುತ್ತದೆ. ಹಾಗಾದರೆ ಅದರ ಸ್ವರೂಪವನ್ನು ಮೊದಲೇ ನಿರ್ಧರಿಸಬೇಕು. ಭಾವ ಕೊಟ್ಟದ್ದು ಸಾಲವಾದರೆ, ಅಂಗಡಿ ಮುಳುಗಿದರೂ ಅದನ್ನು ಪೂರ್ತಿ ಮರಳಿಸಬೇಕು. ಅದರ ಮೇಲೆ ಒಂದು ಕಾಸೂ ಹೆಚ್ಚಿಗೆ ಕೇಳುವಂತಿಲ್ಲ. ಪಾಲಾದರೆ ಲಾಭದ ಜೊತೆ ನಷ್ಟವೂ ಅವನದ್ದು. ನಮ್ಮಲ್ಲಿ ಚಾಲ್ತಿಯಲ್ಲಿರುವುದು ಮೂರನೆಯ ವಿಧಾನ: ನಷ್ಟದ ಮಾತೇ ಇಲ್ಲ, ತಿಂಗಳಿಗೆ ಇಷ್ಟು "ಲಾಭ" ಎಂದು ನಿಗದಿ. ಇದಕ್ಕೆ ಯಾವ ಹೆಸರಿಟ್ಟರೂ ಅದು ಬಡ್ಡಿಯೇ.

ಪಾಲುದಾರಿಕೆಯಲ್ಲಿ ನಷ್ಟವನ್ನು ಬಂಡವಾಳದ ಪ್ರಮಾಣದಲ್ಲೇ ಹಂಚಬೇಕೆಂದು ಕರ್ಮಶಾಸ್ತ್ರ ಪಂಡಿತರು ಹೇಳುತ್ತಾರೆ. ಲಾಭವನ್ನು ಪರಸ್ಪರ ಒಪ್ಪಿದ ಪ್ರಮಾಣದಲ್ಲಿ ಹಂಚಬಹುದೆಂದು ಹನಫಿಗಳು, ಅದೂ ಬಂಡವಾಳದ ಪ್ರಮಾಣದಲ್ಲೇ ಎಂದು ಶಾಫಿಈಗಳು. ಆದರೆ ನಮ್ಮ ದೇಶದ 1932ರ ಪಾಲುದಾರಿಕೆ ಕಾಯ್ದೆಯ ಪ್ರಕಾರ ಬೇರೆ ಕರಾರಿಲ್ಲದಿದ್ದರೆ ಲಾಭ-ನಷ್ಟ ಎರಡೂ ಸಮಪಾಲು. ನೀವು 3 ಲಕ್ಷ, ಭಾವ 1 ಲಕ್ಷ ಹಾಕಿ 80 ಸಾವಿರ ನಷ್ಟವಾಯಿತೆನ್ನಿ. ಶರೀಅತ್‌ನಂತೆ ಭಾವನ ಮೇಲೆ ಬೀಳುವುದು 20 ಸಾವಿರ. ಕರಾರಿಲ್ಲದೆ ಕೋರ್ಟಿಗೆ ಹೋದರೆ 40 ಸಾವಿರ! ಒಂದು ಕರಾರು ಪತ್ರವಿದ್ದರೆ ಈ ಅನ್ಯಾಯ ತಪ್ಪುತ್ತದೆ.

ಇನ್ನು ಹೆಂಡತಿಯ ಚಿನ್ನ. ಇದರ ಬಗ್ಗೆ ಬರೆಯಲು ನಮ್ಮ ಗಂಡಸರಿಗೆ ಅಷ್ಟಾಗಿ ಇಷ್ಟವಿಲ್ಲ. ಮಹ್ರ್ ಆಕೆಯ ಸ್ವಂತ ಸೊತ್ತು. ಮನಃಪೂರ್ವಕವಾಗಿ ಬಿಟ್ಟುಕೊಟ್ಟರೆ ಮಾತ್ರ ಗಂಡ ಅದನ್ನು ಅನುಭವಿಸಬಹುದು. ಮಾತನಾಡದೆ ಬಳೆ ಬಿಚ್ಚಿಕೊಟ್ಟದ್ದು ಮನಃಪೂರ್ವಕವೋ ಬೇರೆ ದಾರಿಯಿಲ್ಲದೆಯೋ ಎಂದು ಯಾರು ಹೇಳಬಲ್ಲರು? ಪ್ರವಾದಿಪತ್ನಿ ಹ. ಖದೀಜ(ರ) ತನ್ನ ಹಣವನ್ನು ಗಂಡಸರ ಕೈಯಲ್ಲಿ ವ್ಯಾಪಾರಕ್ಕೆ ಕೊಡುತ್ತಿದ್ದಾಗ ಕರಾರು ಮಾಡಿಯೇ ಕೊಡುತ್ತಿದ್ದರು. ಹಣ ಅವರದ್ದೇ ಆಗಿ ಉಳಿಯುತ್ತಿತ್ತು. ಚಿನ್ನದ ತೂಕ, ಮಾರಿದ ದಿನ, ಬಂದ ಮೊತ್ತ, ಸಾಲವೋ ಪಾಲೋ ಎಂಬುದು ಒಂದು ಹಾಳೆಯಲ್ಲಿರಲಿ. ಸಾಲವಾದರೆ ಚಿನ್ನವನ್ನೇ ಮರಳಿಸುವುದೋ ಅಂದಿನ ಮೊತ್ತವನ್ನೋ ಎಂಬುದೂ ಸ್ಪಷ್ಟವಾಗಲಿ. ಹತ್ತು ವರ್ಷಗಳ ಬಳಿಕ ಇವೆರಡರ ನಡುವಿನ ಅಂತರ ಸಣ್ಣದಾಗಿರುವುದಿಲ್ಲ.

ಗಿರಾಕಿಗಳ ಉದ್ರಿಗೂ ಇದೇ ಮಾತು. ಮಾರಿದ ಸರಕಿನ ಬಾಕಿಗೆ ಸಾಮಾನ್ಯವಾಗಿ 3 ವರ್ಷಗಳೊಳಗೆ ದಾವೆ ಹೂಡಬೇಕೆಂದು 1963ರ ಕಾಲಮಿತಿ ಕಾಯ್ದೆ ಹೇಳುತ್ತದೆ. ಅಷ್ಟರೊಳಗೆ ಬಾಕಿದಾರ ಲಿಖಿತವಾಗಿ ಒಪ್ಪಿ ಸಹಿ ಹಾಕಿದರೆ ಅವಧಿ ಮತ್ತೆ ಮೊದಲಿನಿಂದ ಆರಂಭ. ಅವಧಿ ಮುಗಿದರೆ ಕೋರ್ಟು ಕೈಬಿಟ್ಟೀತು, ಹೊಣೆ ಹೋಗದು. ಕೇವಲ 3 ದೀನಾರ್ ಸಾಲ ಉಳಿಸಿ ತೀರಿಹೋದವನ ಜನಾಝ ನಮಾಝ್‌ಗೆ, ಹ. ಅಬೂ ಕತಾದ(ರ) ಆ ಸಾಲವನ್ನು ವಹಿಸಿಕೊಳ್ಳುವವರೆಗೆ, ಪ್ರವಾದಿವರ್ಯರು(ಸ) ನೇತೃತ್ವ ನೀಡಲಿಲ್ಲ. ನಿಜವಾಗಿಯೂ ಕಷ್ಟದಲ್ಲಿರುವವನಿಗೆ ಕಾಲಾವಕಾಶ ಕೊಡಬೇಕೆಂಬುದೂ ಅದೇ ಅಲ್‌ಬಕರ ಅಧ್ಯಾಯದ ಆದೇಶ. ಅವನು ಯಾರೆಂದು ಗುರುತಿಸಲಿಕ್ಕೂ ಪುಸ್ತಕ ಬೇಕು.

ಅಂಗಡಿಯವನು ತನ್ನ ದುಡಿಮೆಗೆ ತಿಂಗಳಿಗೆ ಒಂದು ಮೊತ್ತವನ್ನು ಪಾಲುದಾರರೊಡನೆ ಮಾತನಾಡಿ ಗೊತ್ತುಪಡಿಸಿಕೊಂಡು ಮನೆಗೆ ಅದನ್ನಷ್ಟೇ ಒಯ್ಯುವುದು ಒಳ್ಳೆಯದು. ಯಾವ ರೀತಿಯಲ್ಲಿ ಗೊತ್ತುಪಡಿಸಬೇಕೆಂದು ತಿಳಿದ ಉಲಮಾಗಳಲ್ಲಿ ಮೊದಲೇ ಕೇಳಿಕೊಳ್ಳಲಿ. ವರ್ಷಕ್ಕೊಮ್ಮೆ ಝಕಾತ್‌ಗಾಗಿ ಸರಕನ್ನು ಅಂದಿನ ಮಾರುಕಟ್ಟೆ ಬೆಲೆಯಲ್ಲಿ ಎಣಿಸಿ, ನಗದು ಮತ್ತು ವಸೂಲಾಗುವ ಬಾಕಿ ಕೂಡಿಸಿ, ಶೇಕಡಾ ಎರಡೂವರೆ ಲೆಕ್ಕ ಹಾಕಲೇಬೇಕಲ್ಲ. ಭಾವನನ್ನೂ ಹೆಂಡತಿಯನ್ನೂ ಅಂದೇ ಕೂರಿಸಿಕೊಂಡು ಪುಸ್ತಕ ಓದಿಹೇಳಿ, ಇಬ್ಬರಿಂದಲೂ ಸಹಿ ಹಾಕಿಸಿಕೊಳ್ಳಬಹುದು. ಒಂದು ಸಂಜೆಯ ಕೆಲಸ.