ಡಿಸ್ಕ್ ಎಲ್ಲಿದೆ ಅಂತ ಯಂತ್ರವನ್ನೇ ಕೇಳು

ಕೆವಿಎಂ ಸರ್ವರುಗಳ ಬ್ಯಾಕಪ್ ಈಗ ನಿನ್ನ ಪಾಲಿಗೆ ಬಂದಿದೆ. ‘/ವಾರ್/ಲಿಬ್/ಲಿಬ್‌ವರ್ಟ್/ಇಮೇಜಸ್ ಫೋಲ್ಡರ್ ಕಾಪಿ ಮಾಡಿಕೋ, ಮುಗೀತು’ ಅಂತ ಯಾರಾದರೂ ಹೇಳಿದರೆ ನಂಬಬೇಡಪ್ಪಾ. ಬೇರೆ ಜಾಗ ಹೇಳದಿದ್ದಾಗ, ವರ್ಚುವಲ್ ಯಂತ್ರಗಳನ್ನು (ವಿಎಂ) ನಿಭಾಯಿಸುವ ಲಿಬ್‌ವರ್ಟ್ ಅವುಗಳ ಡಿಸ್ಕುಗಳನ್ನು ಅಲ್ಲಿಡುತ್ತದೆ, ಅಷ್ಟೆ. ನಿನಗಿಂತ ಮುಂಚೆ ಇದ್ದವರು ಜಾಗ ಸಾಲದೆ ಒಂದನ್ನು ಬೇರೆ ಹಾರ್ಡ್‌ಡಿಸ್ಕಿಗೆ ಸಾಗಿಸಿರಬಹುದು. ಇನ್ನೊಂದು ಎಲ್‌ವಿಎಂ ವಾಲ್ಯೂಮಿನಲ್ಲಿದ್ದರೆ ಆ ಫೋಲ್ಡರಿನಲ್ಲಿ ಹುಡುಕಿದರೂ ಸಿಗುವುದಿಲ್ಲ. ಒಂದೊಂದು ವಿಎಂಗೂ ‘ವರ್ಶ್ ಡಾಮ್‌ಬಿಎಲ್‌ಕೆಲಿಸ್ಟ್’ ಕೊಟ್ಟು, ಅದು ತೋರಿಸಿದ ಜಾಗವನ್ನು ಬರೆದುಕೋ.

ಅಲ್ಲಿಗೇ ನಿಲ್ಲಿಸಬೇಡ. ಎಕ್ಸ್‌ಟರ್ನಲ್ ಸ್ನ್ಯಾಪ್‌ಶಾಟ್ ತೆಗೆದ ವಿಎಂ ಆದರೆ ಅಲ್ಲಿ ಕಂಡ ಫೈಲಿನಲ್ಲಿ ಸ್ನ್ಯಾಪ್‌ಶಾಟ್ ಆದ ಮೇಲಿನ ಬದಲಾವಣೆಗಳು ಮಾತ್ರ ಇರುತ್ತವೆ. ಮೂಲ ಡೇಟಾ ಅದರ ಕೆಳಗಿನ ಬ್ಯಾಕಿಂಗ್ ಫೈಲಿನಲ್ಲಿ. ಮೇಲಿನದನ್ನಷ್ಟೇ ಒಯ್ದರೆ ನಿನ್ನ ಕೈಗೆ ಏನೂ ದಕ್ಕುವುದಿಲ್ಲ. ‘ಕ್ಯೂಎಮು-ಐಎಂಜಿ ಇನ್ಫೋ’ಗೆ ಬ್ಯಾಕಿಂಗ್-ಚೈನ್ ಆಯ್ಕೆ ಸೇರಿಸಿ ಓಡಿಸಿದರೆ ಬುಡದ ತನಕ ಕಾಣುತ್ತದೆ. ಬ್ಯಾಕಿಂಗ್ ಫೈಲಿನ ವಿಳಾಸ ಮೇಲಿನ ಫೈಲಿನ ಒಳಗೇ ದಾಖಲಾಗಿರುತ್ತದೆ, ಆದ್ದರಿಂದ ಮರಳಿ ಇಡುವಾಗ ಅದೇ ವಿಳಾಸದಲ್ಲಿ ಇಡು.

ಕಾನ್ಫಿಗರೇಶನ್ ಇರುವುದು /ಇಟಿಸಿ/ಲಿಬ್‌ವರ್ಟ್/ಕ್ಯೂಎಮು ಒಳಗೆ, ಎಕ್ಸ್‌ಎಂಎಲ್ ರೂಪದಲ್ಲಿ. ಆ ಫೈಲನ್ನು ನೇರವಾಗಿ ತಿದ್ದಬೇಡ, ತಿದ್ದಲು ‘ವರ್ಶ್ ಎಡಿಟ್’ ಇದೆ. ಬ್ಯಾಕಪ್‌ಗೆ ‘ವರ್ಶ್ ಡಂಪ್‌ಎಕ್ಸ್‌ಎಂಎಲ್’ ಬಳಸು. ವಿಎಂ ಓಡುತ್ತಿದ್ದರೆ ಇನ್‌ಆಕ್ಟಿವ್ ಆಯ್ಕೆಯನ್ನೂ ಸೇರಿಸು, ಆಗ ಮುಂದಿನ ಸಲ ಆನ್ ಆಗುವಾಗ ಓದುವ ವಿವರ ಸಿಗುತ್ತದೆ.

ಹೆಚ್ಚಿನವರು ಮರೆಯುವುದು ಇದನ್ನು: ಯುಇಎಫ್‌ಐ ಯಂತ್ರಗಳ ಬೂಟ್ ವಿವರ ಸಾಮಾನ್ಯವಾಗಿ /ವಾರ್/ಲಿಬ್/ಲಿಬ್‌ವರ್ಟ್/ಕ್ಯೂಎಮು/ಎನ್‌ವಿರ‍್ಯಾಮ್ ಒಳಗಿರುತ್ತದೆ. ವಿಂಡೋಸ್ 11 ಹಾಕಿದ ವಿಎಂಗೆ ವರ್ಚುವಲ್ ಟಿಪಿಎಂ ಕೊಟ್ಟಿದ್ದರೆ ಅದರ ದತ್ತಾಂಶ ಲಿಬ್‌ವರ್ಟ್‌ನ ಎಸ್‌ಡಬ್ಲ್ಯೂಟಿಪಿಎಂ ಫೋಲ್ಡರಿನಲ್ಲಿ, ಯಂತ್ರದ ಯುಯುಐಡಿ ಹೆಸರಿನಡಿ ಇರುತ್ತದೆ. ಅದು ಕಳೆದುಹೋಗಿ, ಒಳಗೆ ಬಿಟ್‌ಲಾಕರ್ ಆನ್ ಆಗಿದ್ದರೆ, ಡಿಸ್ಕ್ ಪೂರ್ತಿ ಇದ್ದರೂ ರಿಕವರಿ ಕೀ ಇಲ್ಲದೆ ತೆರೆಯಲಾಗದು. ಇಷ್ಟೆಲ್ಲ ಪಾಡುಪಟ್ಟು ಡಿಸ್ಕ್ ಉಳಿಸಿಕೊಂಡವರು ಆ ಪುಟ್ಟ ಫೋಲ್ಡರಿಗಾಗಿ ಸೋಲಬಾರದು.

ಓಡುತ್ತಿರುವ ವಿಎಂನ ಡಿಸ್ಕನ್ನು ಹಾಗೇ ಕಾಪಿ ಮಾಡಬೇಡ, ಅರ್ಧ ಹಳೆಯದು ಅರ್ಧ ಹೊಸದು ಸೇರಿ ಕಾಪಿಯೊಳಗಿನ ಫೈಲ್‌ಸಿಸ್ಟಮ್ ಕೆಟ್ಟಿರಬಹುದು. ಸಾಧ್ಯವಿದ್ದರೆ ಶಟ್‌ಡೌನ್ ಮಾಡು. ನಿಲ್ಲಿಸಲಾಗದ ಸರ್ವರ್ ಆದರೆ ಗೆಸ್ಟ್ ಏಜೆಂಟ್ ಹಾಕಿಸಿ, ಬರವಣಿಗೆ ಕ್ಷಣಕಾಲ ತಡೆದು ಸ್ನ್ಯಾಪ್‌ಶಾಟ್ ತೆಗೆ.

ಈ ವಾರವೇ ಒಂದು ವಿಎಂ ಆರಿಸಿಕೋ. ಅದರ ಬ್ಯಾಕಪ್ಪನ್ನು ಬೇರೊಂದು ಹೋಸ್ಟಿಗೆ ಒಯ್ದು, ನೆಟ್‌ವರ್ಕ್ ಬಿಡಿಸಿಟ್ಟು, ‘ವರ್ಶ್ ಡಿಫೈನ್’ ಕೊಟ್ಟು ಆನ್ ಮಾಡು. ಲಾಗಿನ್ ಆಗುವ ತನಕ ‘ಬ್ಯಾಕಪ್ ಆಗಿದೆ’ ಅಂತ ಯಾರಿಗೂ ಹೇಳಬೇಡ.