ಕಂಠಕ್ಕೆ ಕಸುವು: ಭಜನಾ ಮೇಳದವರಿಗೊಂದು ಅಭ್ಯಾಸಪಾಠ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಊರುಗಳಲ್ಲಿ ಶ್ರಾವಣ ಬಂತೆಂದರೆ ಸಂಜೆಗೆ ಪೇಟಿ, ತಬಲಾ, ತಾಳಗಳ ದನಿ ಕೇಳಿಬರುತ್ತದೆ. ಹೊಲದ ಕೆಲಸ ಮುಗಿಸಿದವರು, ಅಂಗಡಿ ಬಾಗಿಲು ಹಾಕಿದವರು ಒಂದೆಡೆ ಕೂಡಿ ವಚನ, ಸ್ವರವಚನ, ತತ್ವಪದಗಳನ್ನು ಹಾಡುತ್ತಾರೆ. ಮೊದಲ ವಾರ ದನಿ ಗಟ್ಟಿಯಾಗಿರುತ್ತದೆ. ಎರಡನೆಯ ವಾರಕ್ಕೆ ಮುಂದಾಳಾಗಿ ಹಾಡುವವರ ಗಂಟಲು ಕಟ್ಟುತ್ತದೆ. ಕೊನೆಯ ಸೋಮವಾರದ ಹೊತ್ತಿಗೆ ಮೇಲಿನ ಸ್ವರ ಬಂದಲ್ಲೆಲ್ಲ ಹಾಡು ಹೋಗಿ ಕೂಗು ಉಳಿಯುತ್ತದೆ. ಆಗ "ದೇವರು ಕೊಟ್ಟ ದನಿಯೇ ಇಷ್ಟು" ಎಂದು ಸುಮ್ಮನಾಗುವವರೇ ಹೆಚ್ಚು.

ಈ ಮಾತು ಅರ್ಧ ನಿಜ. ದನಿಯ ಬಣ್ಣ ಹುಟ್ಟಿನಿಂದ ಬರುತ್ತದೆ. ಆದರೆ ದನಿಯ ಹರವು, ನಿಲುವು, ಬಾಳಿಕೆ ಇವು ಅಭ್ಯಾಸದಿಂದ ಬರುತ್ತವೆ. ಮೇಲಿನ ಸ್ವರ ಬೇಕೆನ್ನುವವರು ಕೆಳಗಿನಿಂದ ಕಟ್ಟುತ್ತ ಬರಬೇಕು. ಕೂಗಿ ಏರಿಸಿದ ದನಿ ನಿಲ್ಲುವುದಿಲ್ಲ. ಈ ಪಾಠದ ಸಾರವೆಲ್ಲ ಇಷ್ಟೇ.

ಇದರ ಬಗ್ಗೆ ನಾವು ಇಷ್ಟು ಕಾಳಜಿಯಿಂದ ಬರೆಯಲು ಕಾರಣವುಂಟು. ನಮ್ಮ ಗಡಿಯ ಊರುಗಳಲ್ಲಿ ಅನೇಕ ಮಕ್ಕಳು ಮರಾಠಿ ಶಾಲೆಯಲ್ಲಿ ಓದುತ್ತಾರೆ. ಮನೆಯ ಮಾತನ್ನು ಬಿಟ್ಟರೆ ಅವರ ಕಿವಿಗೆ ತಿದ್ದಿದ ಕನ್ನಡ ಬೀಳುವುದು ಭಜನೆಯಲ್ಲಿಯೇ. ಮೇಳದ ಶ್ರುತಿ ಒಬ್ಬಿಬ್ಬರ ಗಂಟಲಿಗೆ ಮಾತ್ರ ಹೊಂದಿದರೆ ಉಳಿದವರು ತುಟಿ ಆಡಿಸುತ್ತ ಕೂಡುತ್ತಾರೆ. ಬರಬರುತ್ತ ಬರುವುದನ್ನೇ ಬಿಡುತ್ತಾರೆ. ಮೇಳ ಬಿಟ್ಟ ಮಗುವಿಗೆ ಆ ಪದಗಳನ್ನು ಮತ್ತೆ ಕಲಿಸುವವರು ಯಾರು?

1. ದನಿ ಹುಟ್ಟುವ ಬಗೆ

ಗಂಟಲಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಕೆಳಗಿನಿಂದ ಉಸಿರು ಬಂದಾಗ ಇವು ಒಂದಕ್ಕೊಂದು ಕೂಡಿ, ಬಿಟ್ಟು, ನಡುಗುತ್ತವೆ. ಗಂಡಸೊಬ್ಬ ಪೇಟಿಯ ಕರಿ ಒಂದರ ಪಟ್ಟಿಯಲ್ಲಿ ಮಧ್ಯ ಷಡ್ಜ ಹಿಡಿದರೆ ಅವು ಸೆಕೆಂಡಿಗೆ ಸುಮಾರು 139 ಸಲ ನಡುಗುತ್ತವೆ. ತಾರ ಷಡ್ಜಕ್ಕೆ ಹೋದರೆ ಅದರ ಇಮ್ಮಡಿ, ಸುಮಾರು 277 ಸಲ. ಏಕತಾರಿಯ ತಂತಿಯನ್ನು ಬಿಗಿದಷ್ಟೂ ಸ್ವರ ಏರುವಂತೆ, ಇಲ್ಲಿಯೂ ತಂತುಗಳು ಎಳೆದು ತೆಳುವಾದಂತೆ ಸ್ವರ ಏರುತ್ತದೆ. ಹೀಗೆ ಎಳೆಯುವ ಕೆಲಸ ಗಂಟಲೊಳಗಿನ ಸಣ್ಣ ಸ್ನಾಯುಗಳದು. ಕುತ್ತಿಗೆಯ ದೊಡ್ಡ ನರಗಳನ್ನು ಬಿಗಿದರೆ ಆ ಸಣ್ಣ ಸ್ನಾಯುಗಳಿಗೆ ಕೆಲಸ ಮಾಡಲು ಬಿಡುವಾಗುವುದಿಲ್ಲ. ಕೂಗುವವನ ದನಿ ಜೋರಾಗುತ್ತದೆ ಹೊರತು ಹರವಾಗುವುದಿಲ್ಲ ಎಂಬುದಕ್ಕೆ ಕಾರಣ ಇದೇ.

2. ಹಿರಿಯರು ನಡೆದ ದಾರಿ

ಧಾರವಾಡ ಸಮೀಪದ ಮನಸೂರಿನ ಮಲ್ಲಿಕಾರ್ಜುನ ಮನಸೂರ ಅವರು (1910–1992) ಪಾಠ ಕಲಿತದ್ದು ನಮ್ಮ ನೆರೆಯ ಮಿರಜಿನಲ್ಲಿ, ನೀಲಕಂಠಬುವಾ ಅವರ ಬಳಿ. ಅನಂತರ ಜೈಪುರ ಘರಾಣೆಯ ಮಂಜಿಖಾನ, ಭುರ್ಜಿಖಾನ ಅವರಿಂದ ಶಿಕ್ಷಣ ಪಡೆದರು. ಆ ಘರಾಣೆಯ ಹೆಗ್ಗುರುತೇ ತೆರೆದ ಬಾಯಿಯ ತುಂಬು ಆಕಾರ. ಇಳಿವಯಸ್ಸಿನಲ್ಲಿಯೂ ಅವರ ದನಿ ಕಳೆಗುಂದಲಿಲ್ಲ. ವಚನಗಳನ್ನು ಅವರು ಹಾಡಿದ ಬಗೆಯನ್ನು ಕೇಳಿದವರು ಇಂದಿಗೂ ನೆನೆಯುತ್ತಾರೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಅವರ ತರುವಾಯ ಪುಟ್ಟರಾಜ ಗವಾಯಿಗಳು (1914–2010), ಕಣ್ಣು ಕಾಣದ ಎಷ್ಟೋ ಮಕ್ಕಳಿಗೆ ಕಿವಿಯ ಮೂಲಕವೇ ಸಂಗೀತ ಕಲಿಸಿ ಬದುಕು ಕೊಟ್ಟರು. ಹಿರಿಯರ ಪಾಠ ಯಾವಾಗಲೂ ಷಡ್ಜದಿಂದ ಆರಂಭ. ಷಡ್ಜ ನಿಂತ ಮೇಲೆ ರಾಗ.

ನಾವು ಕಚೇರಿಯ ಗವಾಯಿಗಳಾಗಬೇಕಿಲ್ಲ. ಆದರೆ ಅವರ ಸಾಧನೆಯ ಮೊದಲ ಮೆಟ್ಟಿಲು ಮೇಳದಲ್ಲಿ ಕೂಡುವ ಪ್ರತಿಯೊಬ್ಬರಿಗೂ ಎಟುಕುವಂಥದು.

3. ದಿನದ ಅರ್ಧ ಗಂಟೆಯ ಅಭ್ಯಾಸ

ಬೆಳಿಗ್ಗೆ ಎದ್ದು ಮುಖ ತೊಳೆದು, ಬೆಚ್ಚಗಿನ ನೀರು ಕುಡಿದು, ಚಾಪೆಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂಡಿರಿ. ತಂಬೂರಿ ಇದ್ದರೆ ಉತ್ತಮ. ಮಿರಜಿನ ತಂಬೂರಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆತಿದೆ. ನಮ್ಮ ಮಗ್ಗುಲಲ್ಲೇ ಅಂಥ ವಾದ್ಯ ತಯಾರಾಗುವುದು ನಮಗೆ ಅಭಿಮಾನದ ಮಾತು. ತಂಬೂರಿ ಇಲ್ಲದವರು ಮೊಬೈಲಿನ ತಂಬೂರಿಯನ್ನೋ ಪೇಟಿಯ ಷಡ್ಜ-ಪಂಚಮವನ್ನೋ ಹಿಡಿಯಬಹುದು. ಪೇಟಿಯಲ್ಲಿ ಪ್ರತಿ ಸ್ವರವನ್ನೂ ಒತ್ತುತ್ತ ಅದರ ಬೆನ್ನು ಹತ್ತಿ ಹಾಡಬೇಡಿರಿ, ಕಿವಿ ಸೋಮಾರಿಯಾಗುತ್ತದೆ.

ಅ) ಉಸಿರು (3 ನಿಮಿಷ): ಒಂದು ಕೈಯನ್ನು ಹೊಟ್ಟೆಯ ಮೇಲಿಡಿ. ನಾಲ್ಕು ಎಣಿಸುವವರೆಗೆ ಮೂಗಿನಿಂದ ಉಸಿರೆಳೆಯಿರಿ. ಹೊಟ್ಟೆ, ಪಕ್ಕೆ ಹಿಗ್ಗಬೇಕು, ಹೆಗಲು ಏಳಬಾರದು. ಈಗ ಹಲ್ಲುಗಳ ನಡುವಿನಿಂದ "ಸ್ಸ್" ಎಂದು ಒಂದೇ ಸಮನೆ ಬಿಡುತ್ತ ಹನ್ನೆರಡು ಎಣಿಸಿರಿ. ವಾರಕ್ಕೆರಡು ಎಣಿಕೆ ಹೆಚ್ಚಿಸುತ್ತ ಇಪ್ಪತ್ತಕ್ಕೆ ತನ್ನಿರಿ. ತಲೆ ಸುತ್ತಿದಂತಾದರೆ ನಿಲ್ಲಿಸಿರಿ.

ಆ) ಗುನುಗು (5 ನಿಮಿಷ): ತುಟಿ ಮುಚ್ಚಿ, ಹಲ್ಲು ಬಿಡಿಸಿ, ಹಿತವಾದ ಸ್ವರದಲ್ಲಿ "ಮ್" ಎನ್ನಿರಿ. ಮೂಗು, ತುಟಿಯ ಹತ್ತಿರ ನವಿರಾದ ಕಂಪನ ಗೊತ್ತಾಗಬೇಕು. ಆಮೇಲೆ ಮಕ್ಕಳು ಮೋಟಾರು ಓಡಿಸುವ ಆಟದಲ್ಲಿ ಮಾಡುವಂತೆ ತುಟಿ ನಡುಗಿಸಿ "ಬುರ್ರ್" ಎನ್ನುತ್ತ ಷಡ್ಜದಿಂದ ಪಂಚಮಕ್ಕೆ ಜಾರಿ ಹೋಗಿ ಮರಳಿ ಬನ್ನಿರಿ. ನಗೆ ಬಂದರೂ ಬಿಡಬೇಡಿರಿ. ಉಸಿರು ಹೆಚ್ಚಾದರೂ ಕಡಿಮೆಯಾದರೂ ತುಟಿ ನಡುಗುವುದು ನಿಲ್ಲುತ್ತದೆ. ಹೀಗೆ ಉಸಿರಿನ ಹದ ತಾನಾಗಿಯೇ ತಿಳಿಯುತ್ತದೆ.

ಇ) ಖರಜ (7 ನಿಮಿಷ): ಮಧ್ಯ ಷಡ್ಜವನ್ನು "ಆ" ಎಂದು ಒಂದು ಪೂರ್ಣ ಉಸಿರು ಹಿಡಿಯಿರಿ. ನಂತರ ಮಂದ್ರದ ನಿಷಾದ, ಧೈವತ, ಪಂಚಮ, ಹೀಗೆ ಒಂದೊಂದಾಗಿ ಕೆಳಗಿಳಿಯಿರಿ. ಒಂದು ಉಸಿರಿಗೆ ಒಂದೇ ಸ್ವರ. ದನಿ ಕರಕರ ಎಂದರೆ ಅಲ್ಲಿಗೆ ನಿಲ್ಲಿಸಿ ಒಂದು ಸ್ವರ ಮೇಲೆ ಬನ್ನಿರಿ, ಒತ್ತಿ ಇಳಿಸಬೇಡಿರಿ. ಕೆಳಗಿನ ಸ್ವರದಲ್ಲಿ ಗಂಟಲು ಸಡಿಲವಾಗಿ ಕೆಲಸ ಮಾಡುವುದನ್ನು ಕಲಿಯುತ್ತದೆ. ಆ ಸಡಿಲನ್ನೇ ಮೇಲಕ್ಕೆ ಒಯ್ಯಬೇಕು.

ಈ) ಅಲಂಕಾರ (10 ನಿಮಿಷ): ಮೊದಲು "ಸರಿಗಮಪದನಿಸ" ಏರಿ ಇಳಿಯಿರಿ. ಬಳಿಕ "ಸರಿಗ, ರಿಗಮ, ಗಮಪ", ಅದು ಕೂಡಿ ಬಂದ ಮೇಲೆ "ಸರಿಗಮ, ರಿಗಮಪ". ಮೊದಲು ಸ್ವರದ ಹೆಸರಿನಿಂದ, ಆಮೇಲೆ ಆಕಾರದಿಂದ. ವಿಲಂಬಿತದಲ್ಲಿ ತಪ್ಪಿಲ್ಲದೆ ಬಂದದ್ದನ್ನು ಮಾತ್ರ ಲಯ ಹೆಚ್ಚಿಸಿ ಹಾಡಬೇಕು. ಹೊಸಬರಿಗೆ ಭೂಪ ರಾಗದ ಐದು ಸ್ವರಗಳು (ಸ ರಿ ಗ ಪ ದ) ಸುಲಭ.

ಮೇಲೇರುವ ಕ್ರಮ ಹೀಗೆ. ಈ ವಾರ ತಾರ ಷಡ್ಜ ಹಿತವಾಗಿ ಬಂದರೆ ಅಷ್ಟಕ್ಕೇ ನಿಲ್ಲಿಸಿ ಹದಿನೈದು ದಿನ ಅದನ್ನೇ ಗಟ್ಟಿ ಮಾಡಿರಿ. ಆಮೇಲೆ ಪೇಟಿಯಲ್ಲಿ ಒಂದೇ ಪಟ್ಟಿ ಮೇಲೆ ಷಡ್ಜ ಇಟ್ಟು ಅದೇ ಅಲಂಕಾರ ಹಾಡಿರಿ. ಮೇಲಿನ ಸ್ವರವನ್ನು ಮೊದಲು ಮೆಲ್ಲಗೆ ಮುಟ್ಟಬೇಕು, ಜೋರು ಆಮೇಲೆ. ಗದ್ದ ಮೇಲೆದ್ದರೆ, ಹುಬ್ಬು ಗಂಟಿಕ್ಕಿದರೆ, ಕುತ್ತಿಗೆಯ ನರ ಉಬ್ಬಿದರೆ ಅದು ನಿಮ್ಮ ಇಂದಿನ ಗಡಿ ಎಂದು ತಿಳಿಯಿರಿ. ಹೋರಿಗರುವಿನ ಹೆಗಲಿಗೆ ಮೊದಲ ದಿನವೇ ಯಾರೂ ರಂಟೆ ಕಟ್ಟುವುದಿಲ್ಲ. ಶಾಸ್ತ್ರೀಯ ಗಾಯಕರು ಮಂದ್ರ ಪಂಚಮದಿಂದ ತಾರ ಪಂಚಮದವರೆಗೆ ಎರಡು ಸಪ್ತಕ ಸಾಧಿಸಲು ವರ್ಷಗಳನ್ನೇ ಕೊಡುತ್ತಾರೆ. ಭಜನೆಗೆ ಮಂದ್ರ ಪಂಚಮದಿಂದ ತಾರ ಗಾಂಧಾರದವರೆಗೆ ದನಿ ಆಡಿದರೆ ಸಾಕು.

ಉ) ಶಬ್ದ (5 ನಿಮಿಷ): ಮರಾಠಿಯಲ್ಲಿ ಎ-ಏ, ಒ-ಓ ಎಂಬ ಹ್ರಸ್ವ-ದೀರ್ಘ ಭೇದವಿಲ್ಲ. ಆದ್ದರಿಂದ ಮರಾಠಿ ಶಾಲೆಯ ಮಕ್ಕಳ ಬಾಯಲ್ಲಿ ಇವು ಕಲೆತು ಹೋಗುತ್ತವೆ. ಬೆಳೆ-ಬೇಳೆ, ಒಲೆ-ಓಲೆ, ಕೊಡು-ಕೋಡು ಇಂಥ ಜೋಡಿಗಳನ್ನು ಒಂದೇ ಸ್ವರದಲ್ಲಿ ಅನ್ನಿಸಿರಿ. ಹೊಲದ ಬೆಳೆಗೂ ಅಂಗಡಿಯ ಬೇಳೆಗೂ ಭೇದ ತಿಳಿದ ಮಗು ವಚನದ ಮಾತನ್ನು ಕೆಡಿಸದು. ಹೊಸ ಪದವನ್ನು ಮೊದಲು ಓದಿಸಿ, ಅರ್ಥ ಹೇಳಿ, ಆಮೇಲೆ ಹಾಡಿಸಿರಿ. ಸ್ವರವನ್ನು ಎಳೆಯಬೇಕಾದಲ್ಲಿ ದೀರ್ಘಾಕ್ಷರದ ಮೇಲೆ ಎಳೆಯಿರಿ.

ಬಿತ್ತನೆ, ರಾಶಿಯ ದಿನಗಳಲ್ಲಿ ಅರ್ಧ ಗಂಟೆ ಸಿಗದಿದ್ದರೆ ಉಸಿರು, ಗುನುಗು, ಖರಜ ಇವನ್ನು ಹತ್ತು ನಿಮಿಷ ಮಾಡಿದರೂ ಆದೀತು. ಒಂದು ದಿನ ಎರಡು ತಾಸು ಹಾಡಿ ವಾರ ಬಿಡುವುದಕ್ಕಿಂತ ಇದು ಮೇಲು. ಶ್ರಾವಣಕ್ಕೆ ಸಿದ್ಧರಾಗುವವರು ವೈಶಾಖದಲ್ಲಿ ಉಸಿರು-ಖರಜ, ಜ್ಯೇಷ್ಠದಲ್ಲಿ ಅಲಂಕಾರ, ಆಷಾಢದಲ್ಲಿ ಮೇಲಿನ ಸ್ವರ ಮತ್ತು ಶಬ್ದ, ಹೀಗೆ ಮೂರು ತಿಂಗಳು ಹಂಚಿಕೊಳ್ಳಬಹುದು.

4. ಮೇಳದ ಶ್ರುತಿ

ಸಾಮಾನ್ಯವಾಗಿ ಗಂಡಸರಿಗೆ ಕರಿ ಒಂದರಿಂದ ಕರಿ ಎರಡು, ಹೆಣ್ಣುಮಕ್ಕಳಿಗೆ ಕರಿ ನಾಲ್ಕರಿಂದ ಕರಿ ಐದು ಹೊಂದುತ್ತದೆ. ಗಂಡಸರ ಶ್ರುತಿಯಲ್ಲೇ ಎಲ್ಲ ಪದಗಳನ್ನೂ ಹಾಡಿದರೆ ತಾಯಂದಿರು ಒಂದೋ ತೀರ ಕೆಳಗೆ ಗೊಣಗಬೇಕು, ಇಲ್ಲವೇ ತೀರ ಮೇಲೆ ಕಿರುಚಬೇಕು. ದನಿಯಿಲ್ಲವೆಂದು ಅವರನ್ನು ಹಿಂದೆ ಕೂಡಿಸುವುದು ನ್ಯಾಯವಲ್ಲ. ಒಂದು ಪದ ಕರಿ ಒಂದರಲ್ಲಿ ಗಂಡಸರ ಮುಂದಾಳುತನದಲ್ಲಿ, ಮುಂದಿನದು ಕರಿ ನಾಲ್ಕರಲ್ಲಿ ತಾಯಂದಿರ ಮುಂದಾಳುತನದಲ್ಲಿ ನಡೆಯಲಿ. ತಬಲಾವನ್ನು ಕರಿ ನಾಲ್ಕಕ್ಕೆ ಕೂಡಿಸಿಟ್ಟರೆ ತಾಯಂದಿರಿಗೆ ಅದು ಷಡ್ಜ, ಗಂಡಸರಿಗೆ ಪಂಚಮ. ನಡುವೆ ಸುತ್ತಿಗೆ ಎತ್ತುವ ಕೆಲಸವಿಲ್ಲ.

ಹನ್ನೆರಡು-ಹದಿನೈದರ ವಯಸ್ಸಿನ ಹುಡುಗರ ದನಿ ಒಡೆಯುವುದು ಸಹಜ. ಧ್ವನಿಪೆಟ್ಟಿಗೆ ಬೆಳೆಯುವ ಕಾಲವದು. ನಗಬೇಡಿರಿ, ಮೇಲಿನ ಸ್ವರಕ್ಕೆ ಒತ್ತಾಯಿಸಬೇಡಿರಿ. ಆ ತಿಂಗಳುಗಳಲ್ಲಿ ಅವರಿಗೆ ನಾಲ್ಕೈದು ಸ್ವರದೊಳಗಿನ ಪದ ಕೊಡಿರಿ, ತಾಳ ಕೊಡಿರಿ; ಮೇಳದಿಂದ ಮಾತ್ರ ಬಿಡಿಸಬೇಡಿರಿ.

5. ಕಂಠದ ಜೋಪಾನ

ಅಡತಿ ಅಂಗಡಿಯಲ್ಲಿ ದಿನವಿಡೀ ಸವಾಲು ಕೂಗಿದವರು, ರಾಶಿಯ ಧೂಳಿನಲ್ಲಿ ದುಡಿದವರು ಸಂಜೆ ನೇರವಾಗಿ ಮೇಲಿನ ಸ್ವರಕ್ಕೆ ಹೋಗಬಾರದು. ನೀರು ಕುಡಿದು, ಐದು ನಿಮಿಷ ಗುನುಗಿ, ಆಮೇಲೆ ಹಾಡಲಿ. ಪದೇ ಪದೇ ಗಂಟಲು ಕೆರೆದು ಕೆಮ್ಮುವುದು, ದನಿ ಕಟ್ಟಿದಾಗ ಪಿಸುಗುಟ್ಟುವುದು ಎರಡೂ ತಂತುಗಳಿಗೆ ಶ್ರಮವೇ, ಮೌನವೇ ವಿಶ್ರಾಂತಿ. ರಾತ್ರಿ ತಡವಾಗಿ ಖಾರದೂಟ ಉಂಡು ಕೂಡಲೇ ಮಲಗಿದರೆ ಹುಳಿ ಮೇಲೇರಿ ಗಂಟಲನ್ನು ಸುಡುತ್ತದೆ.

ಕಲ್ಲುಸಕ್ಕರೆ, ಜೇಷ್ಠಮಧು, ತುಪ್ಪದಿಂದ ದನಿ ಬರುತ್ತದೆಂಬ ನಂಬಿಕೆ ನಮ್ಮಲ್ಲಿದೆ. ನುಂಗಿದ ವಸ್ತು ಅನ್ನನಾಳದಲ್ಲಿ ಹೋಗುತ್ತದೆ. ಧ್ವನಿತಂತುಗಳಿರುವುದು ಗಾಳಿಯ ದಾರಿಯಲ್ಲಿ. ಇವುಗಳಿಂದ ಬಾಯಿ-ಗಂಟಲು ಪಸೆಯಾಗಿ ಹಿತವೆನಿಸಬಹುದು, ಅಷ್ಟೇ. ಅಭ್ಯಾಸಕ್ಕೆ ಇವು ಬದಲಾಗವು.

ತಂಬಾಕು, ಗುಟಖಾ, ಬೀಡಿಗಳ ವಿಷಯದಲ್ಲಿ ನಾವು ಮುಚ್ಚುಮರೆ ಮಾಡುವುದಿಲ್ಲ. ಇವು ದನಿಯನ್ನಷ್ಟೇ ಅಲ್ಲ, ಜೀವವನ್ನೂ ತಿನ್ನುತ್ತವೆ. ಭಜನೆಯ ನಡುವಿನ ಬಿಡುವಿನಲ್ಲಿ ಚೀಟು ಹಂಚುವ ರೂಢಿ ಎಲ್ಲಿದೆಯೋ ಅಲ್ಲಿ ಹಿರಿಯರೇ ನಿಲ್ಲಿಸಬೇಕು. ನೆಗಡಿಯಿಲ್ಲದೆಯೂ ದನಿ ಕಟ್ಟಿ ಮೂರು ವಾರವಾದರೂ ಬಿಡದಿದ್ದರೆ, ನುಂಗಲು ನೋವಾದರೆ, ಕಫದಲ್ಲಿ ರಕ್ತ ಕಂಡರೆ ಮನೆಮದ್ದಿನಲ್ಲಿ ದಿನ ಕಳೆಯದೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಿರಿ. ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಎಷ್ಟೋ ಸಲ ಬರಿಯ ಒಡಕು ದನಿಯಿಂದಲೇ ಆರಂಭವಾಗುತ್ತದೆ. ಬೇಗ ತಿಳಿದರೆ ಗುಣವಾಗುತ್ತದೆ.

6. ಒಂದು ಪರೀಕ್ಷೆ

ಅಭ್ಯಾಸ ಫಲಿಸಿತೋ ಇಲ್ಲವೋ ಎಂದು ತಿಳಿಯಲು ತಾರ ಸ್ವರದ ಎತ್ತರವನ್ನು ಅಳೆಯಬೇಕಿಲ್ಲ. ಸಾಮಾನ್ಯವಾಗಿ ಅಂಕಿತನಾಮ ಬರುವುದು ವಚನದ ಕೊನೆಗೆ, ಉಸಿರು ತೀರುವ ಜಾಗದಲ್ಲಿ. ಸೊನ್ನಲಿಗೆಯ ಸಿದ್ಧರಾಮೇಶ್ವರರ ಅಂಕಿತವಾದ "ಕಪಿಲಸಿದ್ಧಮಲ್ಲಿಕಾರ್ಜುನ" ಹತ್ತು ಅಕ್ಷರಗಳದು. ಅನೇಕರು ಅದನ್ನು ನಡುವೆ ತುಂಡರಿಸಿ ಉಸಿರೆಳೆಯುತ್ತಾರೆ. ಮೂರು ತಿಂಗಳ ನಂತರ ಮೇಳದಲ್ಲಿ ಅಜ್ಜನಿಂದ ಮೊಮ್ಮಗಳವರೆಗೆ ಎಲ್ಲರೂ ಆ ಹೆಸರನ್ನು ಒಂದೇ ಉಸಿರಿನಲ್ಲಿ, ಕುತ್ತಿಗೆ ಬಿಗಿಯದೆ, ಅಕ್ಷರ ಕೆಡದಂತೆ ಹಾಡಿ ಮುಗಿಸಿದರೆ ಅಭ್ಯಾಸ ಸಾರ್ಥಕವಾಯಿತೆಂದು ತಿಳಿಯಿರಿ.